1972ರ ಜೂನ್ 20: ಒಬ್ಬ ಅಧ್ಯಕ್ಷನ ಒಂದು ದಿನದ ಕಡತಗಳು

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಚಲನವಲನ ವಹಿ ಎಂಬುದೊಂದು ಇರುತ್ತದೆ. ಯಾರು ಎಷ್ಟು ಗಂಟೆಗೆ ಹೊರಗೆ ಹೋದರು, ಯಾವ ಕೆಲಸಕ್ಕೆ ಹೋದರು, ಎಷ್ಟು ಗಂಟೆಗೆ ಹಿಂದಿರುಗಿದರು ಎಂಬುದಷ್ಟೇ ಅದರಲ್ಲಿರುವ ವಿಷಯ. ಮಂಡ್ಯದಲ್ಲಿ ನಾನು ಅಭಿಲೇಖಾಲಯದ ಕೆಲಸ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಇಂಥ ವಹಿಗಳ ಕಟ್ಟುಗಳನ್ನು ಇಲಾಖಾ ವಿಚಾರಣೆಯ ಸಂದರ್ಭದಲ್ಲಿ ಹೊರತು ಬೇರೆ ಯಾವಾಗಲೂ ಯಾರೂ ಕೇಳಿಕೊಂಡು ಬಂದವರಲ್ಲ. ನಿವೃತ್ತಿಯ ನಂತರ ಮೈಸೂರಿನಲ್ಲಿ ಕುಳಿತು ಅಮೆರಿಕದ ರಾಷ್ಟ್ರೀಯ ಪತ್ರಾಗಾರವು ಅಂತರಜಾಲದಲ್ಲಿ ಇಟ್ಟಿರುವ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ದಿನಚರಿಯ ಹಾಳೆಗಳನ್ನು ಓದತೊಡಗಿದಾಗ, ಇದೂ ಅದೇ ಜಾತಿಯ ದಾಖಲೆ ಎಂಬುದು ಮೊದಲ ಪುಟದಲ್ಲೇ ತಿಳಿಯಿತು.

ಈ ದಿನಚರಿಯನ್ನು ಅಧ್ಯಕ್ಷರು ತಾವೇ ಬರೆಯುತ್ತಿರಲಿಲ್ಲ. ಭದ್ರತಾ ಸಿಬ್ಬಂದಿಯ ಟಿಪ್ಪಣಿಗಳು, ದೂರವಾಣಿ ನಿರ್ವಾಹಕರ ಚೀಟಿಗಳು, ನಿವಾಸದ ಮೇಲ್ವಿಚಾರಕರ ವಹಿ, ಭೇಟಿಗಳ ಪಟ್ಟಿ ಇವೆಲ್ಲವನ್ನೂ ಕೂಡಿಸಿ ಬೇರೆಯವರು ಬೆರಳಚ್ಚು ಮಾಡುತ್ತಿದ್ದರು. ಒಳಬಂದ ಸಮಯಕ್ಕೆ ಒಂದು ಅಂಕಣ, ಹೊರಹೋದ ಸಮಯಕ್ಕೆ ಇನ್ನೊಂದು; ದೂರವಾಣಿ ಕರೆಯಾದರೆ ಅಧ್ಯಕ್ಷರು ಮಾಡಿದ್ದೋ, ಅವರಿಗೆ ಬಂದದ್ದೋ, ಊರೊಳಗಿನದೋ, ದೂರದ್ದೋ ಎಂಬುದಕ್ಕೆ ಬೇರೆ ಗುರುತುಗಳು. ಮಾತಿನ ವಿಷಯ ಏನೆಂಬುದು ಸಾಮಾನ್ಯವಾಗಿ ಇರುವುದಿಲ್ಲ. 1969ರ ಜುಲೈ 20ರ ರಾತ್ರಿ ಚಂದ್ರನ ಮೇಲೆ ನಿಂತಿದ್ದ ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಅವರೊಡನೆ ನಿಕ್ಸನ್ ಮಾತನಾಡಿದ ಸಂಗತಿಯೂ ಇದೇ ಅಂಕಣಗಳಲ್ಲಿ, ಉಳಿದ ಕರೆಗಳ ಸಾಲಿನಲ್ಲಿಯೇ ದಾಖಲಾಗಿದೆ. ಅದನ್ನು ಗ್ರಹಾಂತರ ಸಂಭಾಷಣೆ ಎಂದು ನಮೂದಿಸಿದ ಗುಮಾಸ್ತರ ನಿರ್ಲಿಪ್ತತೆಗೆ ನಾನು ಮನಸಾರೆ ನಮಸ್ಕರಿಸಿದೆ.

ಆದರೆ ನಾನು ಹೆಚ್ಚು ಹೊತ್ತು ಕಳೆದದ್ದು 1972ರ ಜೂನ್ 20ರ ಹಾಳೆಗಳ ಮೇಲೆ. ಅದಕ್ಕೆ ಮೂರು ದಿನ ಮೊದಲು, ಜೂನ್ 17ರ ನಸುಕಿನಲ್ಲಿ, ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ, ನಿಕ್ಸನ್ ಅವರ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ್ದ ಐವರು ಸಿಕ್ಕಿಬಿದ್ದಿದ್ದರು; ಅವರ ನಂಟು ನಿಕ್ಸನ್ ಅವರ ಚುನಾವಣಾ ಪ್ರಚಾರ ಸಮಿತಿಗೆ ತಗುಲಿತ್ತು. ವಾರಾಂತ್ಯವನ್ನು ಫ್ಲಾರಿಡಾದ ಕಡೆ ಕಳೆದಿದ್ದ ನಿಕ್ಸನ್ ರಾಜಧಾನಿಗೆ ಮರಳಿದ್ದು 19ರ ಸಂಜೆ. ಹಾಗಾಗಿ 20ನೇ ತಾರೀಖು ಈ ಪ್ರಕರಣದ ನಂತರ ಅವರು ಕಚೇರಿಯಲ್ಲಿ ಕುಳಿತ ಮೊದಲ ಪೂರ್ಣ ದಿನ. ಅಂದು ಬೆಳಿಗ್ಗೆ ಶ್ವೇತಭವನದ ಪಕ್ಕದ ಕಾರ್ಯಾಲಯ ಕಟ್ಟಡದಲ್ಲಿದ್ದ ಕೋಣೆಯಲ್ಲಿ ಅವರು ಮೊದಲು ಸಲಹೆಗಾರ ಜಾನ್ ಎರ್ಲಿಕ್‌ಮನ್ ಅವರನ್ನೂ, ಬಳಿಕ 11:26ರಿಂದ 12:45ರವರೆಗೆ ಸಿಬ್ಬಂದಿ ಮುಖ್ಯಸ್ಥ ಎಚ್. ಆರ್. ಹಾಲ್ಡೆಮನ್ ಅವರನ್ನೂ ಕಂಡರು. ದಿನಚರಿ ಹೇಳುವುದು ಇಷ್ಟೇ.

ಅದೇ ಕೋಣೆಯಲ್ಲಿ ಧ್ವನಿಮುದ್ರಣ ಯಂತ್ರವೂ ಓಡುತ್ತಿತ್ತು. 1971ರಲ್ಲಿ ನಿಕ್ಸನ್ ಸ್ವತಃ ಹಾಕಿಸಿದ್ದ, ಮಾತಿನ ಸದ್ದಿಗೆ ತಾನಾಗಿಯೇ ಚಾಲೂ ಆಗುವ ಈ ವ್ಯವಸ್ಥೆಯ ಸುದ್ದಿ ಬೆರಳೆಣಿಕೆಯ ಮಂದಿಗೆ ಮಾತ್ರ ಗೊತ್ತಿತ್ತು. 1973ರ ಜುಲೈನಲ್ಲಿ ಶ್ವೇತಭವನದ ಮಾಜಿ ಸಹಾಯಕ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಈ ಪ್ರಕರಣದ ತನಿಖೆ ನಡೆಸುತ್ತಿದ್ದ ಸೆನೆಟ್ ಸಮಿತಿಯ ಮುಂದೆ ಅದನ್ನು ಬಹಿರಂಗಪಡಿಸಿದರು. ನವೆಂಬರ್ ತಿಂಗಳಲ್ಲಿ, ಜೂನ್ 20ರ ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಮಾತೇ ಇಲ್ಲ, ಬರೀ ಗುಂಯ್‌ಗುಡುವ ಸದ್ದು ಇದೆ ಎಂಬ ಸಂಗತಿ ನ್ಯಾಯಾಧೀಶ ಜಾನ್ ಸಿರಿಕಾ ಅವರ ಮುಂದೆ ಬಂತು. ಅಧ್ಯಕ್ಷರ ಆಪ್ತ ಕಾರ್ಯದರ್ಶಿ ರೋಸ್ ಮೇರಿ ವುಡ್ಸ್, ತಾವು ಟೇಪನ್ನು ಬೆರಳಚ್ಚು ಮಾಡುತ್ತಿದ್ದಾಗ ಫೋನ್ ಎತ್ತಿಕೊಳ್ಳಲು ಹೋಗಿ ಸುಮಾರು ಐದು ನಿಮಿಷದಷ್ಟು ಅಳಿಸಿಹೋಗಿರಬಹುದು ಎಂದು ಒಪ್ಪಿಕೊಂಡರು. ಉಳಿದದ್ದಕ್ಕೆ ತಾವು ಹೊಣೆಯಲ್ಲ ಎಂದರು. ಟೇಪು ಯಂತ್ರವನ್ನು ಓಡಿಸುವ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ದೂರದ ಫೋನಿಗೆ ಕೈ ಚಾಚಿ ತೋರಿಸಿದ ಅವರ ಚಿತ್ರವನ್ನು ಕಂಡವರಾರಿಗೂ ಆ ವಿವರಣೆ ಸುಲಭವಾಗಿ ನಂಬುವಂಥದ್ದು ಎನಿಸದು. ನ್ಯಾಯಾಲಯ ನೇಮಿಸಿದ ತಜ್ಞರು 1974ರಲ್ಲಿ, ಇದು ಒಂದೇ ಏಟಿಗೆ ಆದದ್ದಲ್ಲ, ಕನಿಷ್ಠ ಐದು ಸಲವಾದರೂ ಗುಂಡಿಗಳನ್ನು ಕೈಯಿಂದ ಒತ್ತಿ ಅಳಿಸಲಾಗಿದೆ ಎಂದು ತೀರ್ಮಾನಿಸಿದರು. ಅಳಿಸಿದವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಈ ಖಾಲಿ ಜಾಗದ ಬಗ್ಗೆ ಬರೆಯುವವರು ಅದರ ರಹಸ್ಯವನ್ನೇ ಹಿಡಿದುಕೊಂಡು ಹೋಗುತ್ತಾರೆ. ಕಡತಗಳ ನಡುವೆ ಬದುಕಿದ ನನಗೆ ಕಾಣುವುದು ಬೇರೆ. ಟೇಪು ಒಂದೇ ಇದ್ದಿದ್ದರೆ, ಆ ಗುಂಯ್‌ಗುಡುವಿಕೆ ಯಾವ ಮಾತಿನ ಜಾಗದಲ್ಲಿ ಕುಳಿತಿದೆ ಎಂದು ಹೇಳುವುದೇ ಕಷ್ಟವಾಗುತ್ತಿತ್ತು. ದಿನಚರಿಯ ಒಳಬಂದ ಮತ್ತು ಹೊರಹೋದ ಸಮಯಗಳು ಇದ್ದುದರಿಂದಲೇ, ಯಾವ 79 ನಿಮಿಷಗಳ ಭೇಟಿಯಲ್ಲಿ ಯಾರ ಮಾತು ಕಾಣೆಯಾಗಿದೆ ಎಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ಇದಕ್ಕೆ ಮೂರನೆಯ ಸಾಕ್ಷಿ ಹಾಲ್ಡೆಮನ್ ಅವರ ಕೈಬರಹ. ಆತ ಪ್ರತಿ ಭೇಟಿಯಲ್ಲೂ ಹಳದಿ ಹಾಳೆಯ ಪ್ಯಾಡಿನಲ್ಲಿ ಚುಟುಕಾಗಿ ಗುರುತು ಹಾಕಿಕೊಳ್ಳುವ ಅಭ್ಯಾಸದವರು. ಅಂದಿನ ಎರಡು ಪುಟಗಳು ಉಳಿದಿವೆ. ನಮ್ಮ ಪ್ರತಿದಾಳಿ ಏನು, ಇದನ್ನು ಮೀರಿಸುವಂಥ ಪ್ರಚಾರ ಬೇಕು, ಈ ಕೋಣೆಯಲ್ಲಿ ಕದ್ದು ಕೇಳುವ ಯಂತ್ರಗಳಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು ಎಂಬ ಅರ್ಥದ ಸಾಲುಗಳು ಅವುಗಳಲ್ಲಿವೆ. ತಾವೇ ಇರಿಸಿದ ಯಂತ್ರ ಓಡುತ್ತಿರುವ ಕೋಣೆಯಲ್ಲಿ ಈ ಮಾತು ನಡೆಯಿತೆಂಬುದನ್ನು ನಾಟಕದಲ್ಲಿ ಬರೆದರೆ, ಅತಿಯಾಯಿತು ಎಂದು ಪ್ರೇಕ್ಷಕರು ಹೇಳಿಯಾರು.

ಪತ್ರಾಗಾರದವರು ಸುಮ್ಮನೆ ಕೂರಲಿಲ್ಲ. ಅಳಿಸಿದ ಧ್ವನಿಯನ್ನು ಮರಳಿ ಪಡೆಯಲು ಪ್ರಯೋಗಗಳನ್ನು ಮಾಡಿಸಿ, 2003ರಲ್ಲಿ ಸದ್ಯಕ್ಕೆ ಅದು ಸಾಧ್ಯವಿಲ್ಲ ಎಂದರು. ಹಾಲ್ಡೆಮನ್ ಪ್ಯಾಡಿನಿಂದ ನಡುವಿನ ಹಾಳೆ ಕಿತ್ತಿದ್ದರೆ ಅದರ ಅಚ್ಚು ಕೆಳಗಿನ ಹಾಳೆಯ ಮೇಲೆ ಬಿದ್ದಿರಬಹುದೆಂದು 2009ರಲ್ಲಿ ಆ ಪುಟಗಳ ವೈಜ್ಞಾನಿಕ ಪರೀಕ್ಷೆಯನ್ನೂ ಕೈಗೊಂಡರು. ಕಾಣೆಯಾದ ಮಾತನ್ನು ತುಂಬುವಂಥದ್ದೇನೂ ಸಿಗಲಿಲ್ಲ. ಅಂದು ಸಂಜೆ ನಿಕ್ಸನ್ ತಮ್ಮ ಚುನಾವಣಾ ಪ್ರಚಾರದ ಮುಖ್ಯಸ್ಥ ಜಾನ್ ಮಿಚೆಲ್ ಅವರೊಡನೆ ಫೋನಿನಲ್ಲಿ ಮಾತನಾಡಿದ್ದು ಧ್ವನಿಮುದ್ರಣಕ್ಕೆ ಜೋಡಿಸದ ಫೋನಿನಿಂದ. ಅದರ ಟೇಪು ಹುಟ್ಟಲೇ ಇಲ್ಲ.

ನಮ್ಮ ಮೈಸೂರಿಗೂ ರಾಜನ ಒಂದು ದಿನಕ್ಕೂ ಹಳೆಯ ನಂಟಿದೆ. ಆರ್. ಶಾಮಶಾಸ್ತ್ರಿಗಳು ಇಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ರಾಜನ ಹಗಲನ್ನು ಎಂಟು ಭಾಗ, ರಾತ್ರಿಯನ್ನು ಎಂಟು ಭಾಗ ಮಾಡಿ, ಆಯವ್ಯಯ ಕೇಳುವ ಹೊತ್ತು, ಪ್ರಜೆಗಳ ಅಹವಾಲಿನ ಹೊತ್ತು, ಗೂಢಚಾರರ ವರದಿಯ ಹೊತ್ತು ಎಂದು ವಿಂಗಡಿಸುತ್ತದೆ. ಅದು ರಾಜ ಹೇಗಿರಬೇಕೆಂಬ ವಿಧಿ. ಯಾವುದೋ ಒಂದು ಮಂಗಳವಾರ ರಾಜ ನಿಜವಾಗಿ ಯಾರೊಡನೆ ಎಷ್ಟು ಹೊತ್ತು ಕುಳಿತಿದ್ದ ಎಂದು ತಿಳಿಯಲು ಅದು ನೆರವಾಗದು; ಅದಕ್ಕೆ ಬಾಗಿಲಲ್ಲಿ ಸಮಯ ಬರೆದುಕೊಳ್ಳುವ ಒಬ್ಬ ಗುಮಾಸ್ತ ಬೇಕು. ಆ ಗುಮಾಸ್ತನ ಬರಹ ಯಾರ ಸ್ವತ್ತು ಎಂಬುದೂ ಮುಖ್ಯ. ಅಮೆರಿಕದಲ್ಲಿ ಅಧ್ಯಕ್ಷರ ಕಾಗದಪತ್ರಗಳು ಅವರ ಖಾಸಗಿ ಸ್ವತ್ತು ಎಂಬ ಸಂಪ್ರದಾಯ ಬಹುಕಾಲ ನಡೆದಿತ್ತು. ನಿಕ್ಸನ್ ಅವರ ದಾಖಲೆಗಳನ್ನು ಉಳಿಸಲು 1974ರಲ್ಲಿ ವಿಶೇಷ ಕಾನೂನು ಬಂತು. 1978ರ ಕಾನೂನು ಮುಂದಿನ ಅಧ್ಯಕ್ಷರ ಅಧಿಕೃತ ದಾಖಲೆಗಳನ್ನು ಸಾರ್ವಜನಿಕ ಸ್ವತ್ತಾಗಿಸಿ, 1981ರಿಂದ ಅಧಿಕಾರಕ್ಕೆ ಬಂದವರಿಗೆ ಅನ್ವಯವಾಯಿತು.

ಅಷ್ಟಕ್ಕೂ ಜೂನ್ 20ರ ಟೇಪನ್ನು ಅಳಿಸಿದವರಿಗೆ ಅದರಿಂದ ಏನೂ ದಕ್ಕಲಿಲ್ಲ. ಮೂರು ದಿನ ಬಿಟ್ಟು, ಜೂನ್ 23ರ ಬೆಳಿಗ್ಗೆ, ನಿಕ್ಸನ್ ಮತ್ತು ಹಾಲ್ಡೆಮನ್ ಕುಳಿತು ಸಿಐಎ ಮೂಲಕ ಎಫ್‌ಬಿಐ ತನಿಖೆಯನ್ನು ತಡೆಯುವ ಬಗ್ಗೆ ಮಾತನಾಡಿದ ಟೇಪು ಅಳಿಯದೆ ಉಳಿದಿತ್ತು. ಸರ್ವೋಚ್ಚ ನ್ಯಾಯಾಲಯದ ಆದೇಶದ ನಂತರ 1974ರ ಆಗಸ್ಟ್ 5ರಂದು ಅದರ ಬರಹರೂಪ ಹೊರಬಂತು. 9ನೇ ತಾರೀಖು ನಿಕ್ಸನ್ ಅಧಿಕಾರ ಬಿಟ್ಟರು.