ಹದಿನಾರು ಮಣಿಗಳು

ಗಣಿತದ ಮೇಷ್ಟರು ಹೋದರು ಎಂದು ಹಳೆಯ ಗೆಳೆಯ ಫೋನು ಮಾಡಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಿವಿಯ ತುಂಬ ಮರದ ಮಣಿಗಳ ಟಕಟಕ ಸದ್ದು.

ನಮ್ಮ ಶಾಲೆಯ ಒಂದನೆಯ ತರಗತಿಯ ಮೂಲೆಯಲ್ಲಿ ಒಂದು ಮಣಿಚೌಕಟ್ಟು ನಿಂತಿರುತ್ತಿತ್ತು. ಹತ್ತು ತಂತಿ, ತಂತಿಗೆ ಹತ್ತು ಮಣಿ. 1969ರ ಮಳೆಗಾಲ, ಆರನೆಯ ತರಗತಿಯಲ್ಲಿದ್ದ ನಾವು ನಾಲ್ವರಿಗೆ ಚೌಕಾಬಾರದ ಹುಚ್ಚು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ನಾಲ್ಕು ಕಾಯಿ ಬೇಕಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ನಾಲ್ಕು ತಂತಿಗಳ ತುದಿ ಬಿಚ್ಚಿ, ಕೆಂಪು, ಹಳದಿ, ಹಸಿರು, ನೀಲಿ ಎಂದು ಹದಿನಾರು ಮಣಿ ಎಗರಿಸಿದೆವು. ತುದಿ ಮುರಿಯದಂತೆ ಬಿಚ್ಚುವ ಉಪಾಯ ನನ್ನದು.

ಮರುದಿನ ಮೇಷ್ಟರು ಆ ಚೌಕಟ್ಟನ್ನು ಹೊತ್ತುಕೊಂಡೇ ನಮ್ಮ ತರಗತಿಗೆ ಬಂದರು. ಬೆತ್ತ ತರಲಿಲ್ಲ. ಯಾರು ಎಂದೂ ಕೇಳಲಿಲ್ಲ. ತಂತಿಗಳು ನೆಟ್ಟಗೆ ನಿಲ್ಲುವಂತೆ ಅದನ್ನು ಪಕ್ಕಕ್ಕೆ ತಿರುಗಿಸಿ, "ಆರಾರು ಉಳಿದಿವೆ. ಒಂದೊಂದು ಹೆಚ್ಚೇ ಆಯಿತು" ಎಂದು ಇನ್ನೂ ನಾಲ್ಕು ಮಣಿ ತೆಗೆದು ಕಿಸೆಗೆ ಹಾಕಿಕೊಂಡರು. ಆಮೇಲೆ ಆ ನಾಲ್ಕು ತಂತಿಗಳಿಗೆ ಅಡ್ಡಲಾಗಿ ಸುತಳಿ ಬಿಗಿದರು: ಮೇಲೆ ಒಂದು ಮಣಿ, ಕೆಳಗೆ ನಾಲ್ಕು. ಮೇಲಿನದರ ಬೆಲೆ ಐದು, ಕೆಳಗಿನವು ಒಂದೊಂದು. ಹೀಗೆ ನಾಲ್ಕೇ ತಂತಿಯಲ್ಲಿ 9999ರವರೆಗೆ ಎಣಿಸಿ ತೋರಿಸಿದರು. ಚೀನೀಯರು ಮೇಲೆ ಎರಡು, ಕೆಳಗೆ ಐದು ಇಟ್ಟುಕೊಂಡರು. ಜಪಾನೀಯರು ಅದನ್ನು ಒಂದಕ್ಕೆ, ನಾಲ್ಕಕ್ಕೆ ಇಳಿಸಿದರು. ಮಣಿ ಮುಟ್ಟದೆ ಬಿಟ್ಟ ತಂತಿಯೇ ಸೊನ್ನೆ. ರೋಮನ್ನರ ಬರಹದಲ್ಲಿ ಸೊನ್ನೆ ಇರಲಿಲ್ಲ, ಆದರೂ ಅವರ ಎಣಿಕೆಯ ಹಲಗೆಯಲ್ಲಿ ಖಾಲಿ ಗೆರೆ ಇತ್ತು. ನಮ್ಮವರು ಆ ಖಾಲಿ ಜಾಗಕ್ಕೇ ಗುರುತು ಕೊಟ್ಟಿದ್ದರಿಂದ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರಿಗೆ ಮಣಿಯ ಹಂಗೇ ಇರಲಿಲ್ಲ ಎಂದು ಹೇಳುವಾಗ ಮೇಷ್ಟರ ಧ್ವನಿ ಏರಿತ್ತು.

1946ರಲ್ಲಿ ಟೋಕಿಯೊದಲ್ಲಿ ನಡೆದ ಪಂದ್ಯದ ಕಥೆಯನ್ನೂ ಅಂದೇ ಕೇಳಿದೆವು. ಅಂಚೆ ಇಲಾಖೆಯ ನೌಕರ ಕಿಯೋಶಿ ಮತ್ಸುಜಾಕಿ ತನ್ನ ಮಣಿಚೌಕಟ್ಟು ಹಿಡಿದು, ವಿದ್ಯುತ್ ಲೆಕ್ಕಯಂತ್ರ ಹಿಡಿದ ಅಮೆರಿಕದ ಸೈನಿಕನನ್ನು 4–1ರಿಂದ ಸೋಲಿಸಿದ. ಗುಣಾಕಾರದಲ್ಲಿ ಮಾತ್ರ ಯಂತ್ರ ಗೆದ್ದಿತು. "ನೀವು ಮಗ್ಗಿ ಕಲಿತಿದ್ದರೆ ಅದನ್ನೂ ಗೆಲ್ಲುತ್ತಿದ್ದಿರಿ" ಎಂದು ಮೇಷ್ಟರು ನಮ್ಮತ್ತ ಬೆರಳು ತೋರಿದರು. ಆ ವಾರವೇ ನಾನು ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠ ಮಾಡಿದೆ.

ಆ ವರ್ಷ ಪಠ್ಯಪುಸ್ತಕದಲ್ಲಿ ಏನಿತ್ತೋ ಒಂದೂ ನೆನಪಿಲ್ಲ. ಅಂಕಿಯ ಬೆಲೆ ಅದು ಕುಳಿತ ಜಾಗದಲ್ಲಿದೆ ಎಂಬುದು ಮಾತ್ರ ರಕ್ತಕ್ಕೆ ಇಳಿಯಿತು. ಮುಂದೆ ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದ ಸಂಜೆಗಳಲ್ಲಿ ನನ್ನನ್ನೇ ಕರೆಯುತ್ತಿದ್ದರು. ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿ ಅದಲುಬದಲಾಗಿರಬಹುದು ಎಂದು ಹೇಳಿ, ಬಹಳ ಸಲ ಹತ್ತೇ ನಿಮಿಷದಲ್ಲಿ ಸಾಲು ಹುಡುಕಿ ಕೊಡುತ್ತಿದ್ದೆ. ವ್ಯವಸ್ಥಾಪಕರು ಬೆರಗಾಗುತ್ತಿದ್ದರು.

ಈಗ ನನ್ನ ಮೊಮ್ಮಗಳೂ ಅಬ್ಯಾಕಸ್ ತರಗತಿಗೆ ಹೋಗುತ್ತಾಳೆ. ಗಾಳಿಯಲ್ಲಿ ಬೆರಳಾಡಿಸಿ ಸಂಖ್ಯೆಗಳ ಸಾಲನ್ನೇ ಕೂಡಿಸುತ್ತಾಳೆ, ನೋಡಲು ಸಂತೋಷ. ಒಂದಕ್ಕೆ ನಾಲ್ಕು ಕೂಡಿಸುವಾಗ ಐದರ ಮಣಿ ಇಳಿಸಿ ಒಂದನ್ನು ತೆಗೆಯುವುದೇಕೆ ಎಂದು ಕೇಳಿದೆ. "ಸೂತ್ರ ಹಾಗಿದೆ ತಾತ" ಎಂದಳು. ಎಷ್ಟು ಸೆಕೆಂಡು ಎಂದು ಕೇಳುವವರಿದ್ದಾರೆ, ಏಕೆ ಎಂದು ಕೇಳುವವರು ಕಡಿಮೆಯಾದರಲ್ಲ ಎಂದು ಬೇಸರವಾಯಿತು. ಅವಳನ್ನು ಕೂರಿಸಿಕೊಂಡು ಹುಣಸೆಬೀಜ ಹರಡಿದೆ.

ನಿವೃತ್ತನಾದ ವರ್ಷ ಮೇಷ್ಟರ ಮನೆಗೆ ಹೋಗಿ, ಕಾಲು ಮುಟ್ಟಿ, ಮಣಿ ಕದ್ದವರು ನಾವೇ ಎಂದು ಒಪ್ಪಿಕೊಂಡೆ. ಅವರು ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

"ಅದು ಗೊತ್ತಿತ್ತು. ಚೌಕಾಬಾರದಲ್ಲಿ ಗೆದ್ದವರು ಯಾರು?"

"ನಾನೇ ಸಾರ್" ಎಂದೆ.