ನೆಲ್ಲಿನ ಗದ್ದೆಯಲ್ಲಿ ತೂತಿನ ಪೈಪು

ಹೋದ ಫೆಬ್ರವರಿಯ ಒಂದು ಶನಿವಾರ. ಕಲಬುರಗಿಯಿಂದ ಊರಿಗೆ ಹೋಗುವಾಗ ಸುರಪುರದಲ್ಲಿ ಇಳಿದು ಒಂದು ಅಡಿ ಉದ್ದದ ದಪ್ಪ ಪಿವಿಸಿ ಪೈಪ್ ತುಂಡು ಕೊಂಡೆ. "ಇಷ್ಟ ಸಾಕೇನ್ರಿ?" ಅಂತ ಅಂಗಡಿಯವರು ನಕ್ಕರು. ಮನೆಗೆ ಬಂದು ಒಲೆಯಲ್ಲಿ ಕಬ್ಬಿಣದ ಸಲಾಕೆ ಕಾಯಿಸಿ, ಪೈಪಿನ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಹಾಕಿದೆ. ಮನೆಯೆಲ್ಲ ಪ್ಲಾಸ್ಟಿಕ್ ಸುಟ್ಟ ವಾಸನೆ. "ಓದಿದ ಮಗ ಬಂದಾನ ನೋಡ್ರಿ" ಅಂತ ಅವ್ವ ಅಂಗಳದಲ್ಲೇ ನಿಂತು ಬೈದಳು.

ನಮ್ಮದು ನಾರಾಯಣಪುರ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲ. ಈ ಕಾಲುವೆ ಮಾಡಿದ್ದು ಕಡಿಮೆ ನೀರಿನ ಬೆಳೆಗೆ ಅಂತ. ಆದರೆ ನೀರು ಕಂಡ ಮೇಲೆ ನೆಲ್ಲು ಬಿಟ್ಟು ಇನ್ನೇನು ಹಚ್ಚುತ್ತಾರೆ? ನಾವೂ ಹಚ್ಚಿದೆವು.

ಗದ್ದೆಗೆ ಕಾಲಿಟ್ಟರೆ ಕೆಸರಿನಿಂದ ಗುಳುಗುಳು ಗುಳ್ಳೆ ಏಳುತ್ತವೆ. ಚಿಕ್ಕಂದಿನಲ್ಲಿ ಅದು ನಮಗೆ ಆಟ. ಆ ಗುಳ್ಳೆಯಲ್ಲಿರುವುದು ಮೀಥೇನ್ ಅಂತ ಗೊತ್ತಾದದ್ದು ಈಚೆಗೆ. ನೀರು ನಿಂತ ಮಣ್ಣಿಗೆ ಗಾಳಿ ಆಡುವುದಿಲ್ಲ. ಅಲ್ಲಿ ಕೊಳೆಯುವ ಹುಲ್ಲು, ಬೇರನ್ನು ತಿಂದು ಸೂಕ್ಷ್ಮಜೀವಿಗಳು ಈ ಅನಿಲ ಬಿಡುತ್ತವೆ. ಗುಳ್ಳೆಯಲ್ಲಿ ಬರುವುದು ಸ್ವಲ್ಪವೇ. ಹೆಚ್ಚಿನ ಪಾಲು ನೆಲ್ಲಿನ ದಂಟಿನೊಳಗಿಂದಲೇ ಮೇಲೆ ಹೋಗುತ್ತದೆ. ಅಂದರೆ ಗದ್ದೆ ತುಂಬ ಹಸಿರು ಕೊಳವೆಗಳು. ಭೂಮಿ ಬಿಸಿ ಮಾಡುವುದರಲ್ಲಿ, ನೂರು ವರ್ಷದ ಲೆಕ್ಕ ಹಿಡಿದರೆ, ಇದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಜೋರು.

ಪೈಪನ್ನು ಅರ್ಧ ಅಡಿ ಮಣ್ಣೊಳಗೆ ಊರಿ, ಒಳಗಿನ ಮಣ್ಣು ತೆಗೆದೆ. ಅಪ್ಪ ಒಡ್ಡಿನ ಮೇಲೆ ಕೂತು ನೋಡುತ್ತಿದ್ದ.

"ಏನ್ ಮಾಡ್ಲಾಕತ್ತಿ ಇದು?"

ಹೇಳಿದೆ. ಗದ್ದೆಯಲ್ಲಿ ಯಾವಾಗಲೂ ನೀರು ನಿಲ್ಲಿಸಬಾರದು. ಪೈಪಿನೊಳಗೆ ನೀರು ಮಣ್ಣಿನ ಮಟ್ಟಕ್ಕಿಂತ ಅರ್ಧ ಅಡಿ ಕೆಳಗೆ ಇಳಿಯುವ ತನಕ ಕಾಯಬೇಕು, ಆಮೇಲೆ ಮತ್ತೆ ಬಿಡಬೇಕು. ಹೂ ಬಿಡುವಾಗ ಮಾತ್ರ ಒಣಗಿಸಬಾರದು. ಹೀಗೆ ಮಾಡಿದರೆ ನೀರೂ ಉಳಿಯುತ್ತದೆ, ಮೀಥೇನ್ ಅರ್ಧದ ಹತ್ತಿರ ಕಡಿಮೆಯಾಗಬಹುದು. ವಿಯೆಟ್ನಾಂ ದೇಶ ಮೆಕಾಂಗ್ ನದಿಯ ಬಯಲಲ್ಲಿ 2030ರೊಳಗೆ 10 ಲಕ್ಷ ಹೆಕ್ಟೇರಿನಲ್ಲಿ ಇಂಥ ಕಡಿಮೆ ಮಾಲಿನ್ಯದ ಭತ್ತ ಬೆಳೆಯಲು ಹೊರಟಿದೆ ಅಂತಲೂ ಅಂದೆ.

"ನಮ್ಮ ಸರ್ಕಾರ?"

2030ರೊಳಗೆ ಜಗತ್ತಿನ ಮೀಥೇನನ್ನು 2020ರ ಮಟ್ಟಕ್ಕಿಂತ ಶೇ 30ರಷ್ಟು ಇಳಿಸೋಣ ಅಂತ 2021ರಲ್ಲಿ ಗ್ಲಾಸ್ಗೋದಲ್ಲಿ ಹಲವು ದೇಶಗಳು ಮಾತು ಕೊಟ್ಟವು. ವಿಯೆಟ್ನಾಂ ಸಹಿ ಹಾಕಿತು, ಭಾರತ ಹಾಕಲಿಲ್ಲ. ನಮ್ಮ ಮೀಥೇನ್ ಸಣ್ಣ ರೈತರ ದನ, ಗದ್ದೆಗಳಿಂದ ಬರುವುದು, ಅದು ಹೊಟ್ಟೆಪಾಡು, ಶೋಕಿಯಲ್ಲ ಅನ್ನುವುದು ಸರ್ಕಾರದ ವಾದ. ಅಪ್ಪನಿಗೆ ಈ ಮಾತು ಹಿಡಿಸಿತು. ನನಗೂ ಅದು ಸುಳ್ಳು ಅನ್ನಿಸುವುದಿಲ್ಲ. ಸಹಿ ಹಾಕದಿದ್ದರೂ ನೇರ ಬಿತ್ತನೆ, ಕಡಿಮೆ ನೀರಿನ ಪದ್ಧತಿಗಳನ್ನು ಸರ್ಕಾರವೇ ಪ್ರಚಾರ ಮಾಡುತ್ತದೆ, ಅದೂ ಇದೆ.

ಮರುದಿನ ವಾರಾಬಂದಿ, ಅಂದರೆ ಸರದಿ ಪ್ರಕಾರ ಕಾಲುವೆ ನೀರು ನಿಲ್ಲಿಸುವುದು, ಶುರುವಾಯಿತು. ಹತ್ತು ದಿನ ಕಾಲುವೆ ಬಂದ್. ನಾನು ಕಲಬುರಗಿಗೆ ವಾಪಸ್. ಅಪ್ಪ ದಿನಾ ಸಂಜೆ ಜೋಳದ ದಂಟು ಪೈಪಿನೊಳಗೆ ಇಳಿಸಿ ಫೋನ್ ಮಾಡುತ್ತಿದ್ದ. "ನಾಲ್ಕ್ ಬೆರಳ್ ಇಳಿದದ." ಆರನೇ ದಿನ, "ನಿನ್ ಗೆರಿ ಮುಟ್ಟಿತು. ಈಗ ನೀರ್ ಬಿಡ್ಬೇಕಲ್ಲ? ಎಲ್ಲಿಂದ ಬಿಡ್ಲಿ?"

ಉತ್ತರ ಇರಲಿಲ್ಲ.

ಹತ್ತು ದಿನ ಮುಗಿದು ಕಾಲುವೆಗೆ ನೀರು ಬಂತು. ನಮ್ಮ ತುದಿ ಮುಟ್ಟಲು ಮತ್ತೆ ಮೂರು ದಿನ. ಮೇಲಿನವರು ಮೊಣಕಾಲುದ್ದ ತುಂಬಿಸಿಕೊಳ್ಳುವ ತನಕ ಕೆಳಗೆ ಹನಿಯೂ ಇಲ್ಲ. ಅಪ್ಪ ಎರಡು ರಾತ್ರಿ ಬ್ಯಾಟರಿ ಹಿಡಿದು ಕಾಲುವೆ ದಂಡೆಯ ಮೇಲೆ ತಿರುಗಾಡಿದ. ಎರೆ ಮಣ್ಣು ಬೆರಳು ಹೋಗುವಷ್ಟು ಬಿರುಕು ಬಿಟ್ಟಿತ್ತು, ಎಲೆ ತುದಿ ಹಳದಿಯಾಗಿತ್ತು. ಇನ್ನೂ ಹೂ ಬಿಟ್ಟಿರಲಿಲ್ಲ, ಅದಕ್ಕೇ ಬೆಳೆ ಉಳಿಯಿತು.

ನೀರು ಬಂದ ದಿನ ಅಪ್ಪ ಒಡ್ಡು ಏರಿಸಿ ಗದ್ದೆಯನ್ನು ತುಂಬಾ ತುಂಬಿಸಿದ. ನಾನು ಬೇಡ ಅನ್ನಲಿಲ್ಲ. ಹೇಗೆ ಅನ್ನಲಿ? ನಾಳೆ ನೀರು ಬರುತ್ತದೆ ಅನ್ನುವ ಧೈರ್ಯ ಇದ್ದವನು ಇವತ್ತು ಗದ್ದೆ ಒಣಗಿಸುತ್ತಾನೆ. ನಮ್ಮ ಗದ್ದೆ ಹೇಗೂ ಪ್ರತಿ ವಾರಾಬಂದಿಗೆ ಒಣಗುತ್ತದೆ. ವಿಯೆಟ್ನಾಮಿನವರು ಲೆಕ್ಕ ಹಾಕಿ ಮಾಡುವುದನ್ನು ನಾವು ಕಾಲುವೆ ದಯದಿಂದ ಮಾಡುತ್ತಾ ಬಂದಿದ್ದೇವೆ, ಬೇಡದ ದಿನಗಳಲ್ಲಿ.

ಯುಗಾದಿಗೆ ಹೋದಾಗ ಗದ್ದೆಯಲ್ಲಿ ಪೈಪ್ ಇರಲಿಲ್ಲ. ಕಿತ್ತು ಎಸೆದಿರಬೇಕು ಅಂದುಕೊಂಡೆ. ಅಪ್ಪ ಮಾತಾಡದೆ ಕಾಲುವೆ ಗುಂಟ ಮೇಲಕ್ಕೆ ಕರೆದುಕೊಂಡು ಹೋದ. ಮೊದಲ ತೂಬಿನ ಹತ್ತಿರದ ಗದ್ದೆ, ಸದಾ ತುಂಬಿ ತುಳುಕುವಂಥದ್ದು. ನಡುವೆ ನನ್ನ ಪೈಪು ನಿಂತಿತ್ತು. ಹೊಲದ ಕಾಕಾ ಅದರ ಬಾಯಿಗೆ ಹಳೇ ತಟ್ಟೆ ಮುಚ್ಚಿದ್ದ, ಕಪ್ಪೆ ಬೀಳಬಾರದು ಅಂತ.

"ಇವರು ಒಣಗಿಸಿದ್ರ ನಮಗ ನೀರ್ ಬರ್ತಾವ" ಅಂದ ಅಪ್ಪ. "ಮುಂದಿನ ಸಲ ಬರೂವಾಗ ಎಂಟ್ ಪೈಪ್ ತಗೊಂಡ್ ಬಾ. ಎಲ್ಲಾ ಮ್ಯಾಲಿನವ್ರಿಗೆ. ನಮಗ ಒಂದೂ ಬ್ಯಾಡ."