ಚುಕ್ಕಿ ಇದ್ದರೆ ಕೂಡಿತು

ಹೋದ ತಿಂಗಳು ನಮ್ಮ ಬೇಸಿಕ್ ಎಲೆಕ್ಟ್ರಾನಿಕ್ಸ್ ಸರ್ ತೀರಿಕೊಂಡರು. ಸುದ್ದಿ ಬಂದಾಗ ನಾನು ಆಫೀಸಿನಲ್ಲಿ ಒಂದು ಸರ್ಕ್ಯೂಟ್ ಚಿತ್ರ ತಿದ್ದುತ್ತ ಕೂತಿದ್ದೆ. ಆ ದಿನ ಮತ್ತೆ ಪೆನ್ಸಿಲ್ ಮುಟ್ಟಲು ಮನಸ್ಸಾಗಲಿಲ್ಲ.

1992ರಲ್ಲಿ ನಾವು ಡಿಪ್ಲೊಮಾಕ್ಕೆ ಸೇರಿದಾಗ ಕ್ಲಾಸಿನಲ್ಲಿ ಕನ್ನಡ ಮೀಡಿಯಂನವರೇ ಜಾಸ್ತಿ. ಇಂಗ್ಲಿಷ್ ಪುಸ್ತಕ ತೆರೆದರೆ ಎದೆ ಡವಡವ. ಸರ್ ಮೊದಲ ದಿನವೇ, "ಪುಸ್ತಕ ಮುಚ್ಚಿ. ಸರ್ಕ್ಯೂಟ್ ಚಿತ್ರ ಓದೋದು ಕಲಿಯಿರಿ, ಅದಕ್ಕೆ ಯಾವ ಮೀಡಿಯಂ ಆದರೂ ನಡೆಯುತ್ತೆ" ಎಂದರು. ನಮಗೆ ಜೀವ ಬಂತು.

ಸೆಲ್‌ಗೆ ಎರಡು ಗೆರೆ, ಒಂದು ಉದ್ದ, ಒಂದು ಗಿಡ್ಡ. ಪ್ಲಸ್ ಯಾವುದು? "ಉದ್ದದ್ದನ್ನು ಎರಡು ತುಂಡು ಮಾಡಿದರೆ ಪ್ಲಸ್ ಬರೆಯಬಹುದು, ಅಲ್ವಾ?" ಇವತ್ತಿಗೂ ಮರೆತಿಲ್ಲ. ಟ್ರಾನ್ಸಿಸ್ಟರ್ ಎಂದರೆ ಕರೆಂಟನ್ನು ಹತೋಟಿಯಲ್ಲಿಡುವ ಪುಟ್ಟ ಬಿಡಿಭಾಗ; ಅದರ ಚಿಹ್ನೆಯಲ್ಲಿರುವ ಬಾಣ ಕರೆಂಟ್ ಹರಿಯುವ ದಿಕ್ಕು ತೋರಿಸುತ್ತದೆ, ಎಲೆಕ್ಟ್ರಾನ್ ಹೋಗುವುದು ಅದರ ಎದುರು ದಿಕ್ಕಿಗೆ ಎಂದಾಗ ನಾನು ಎದ್ದು, "ಹಾಗಾದರೆ ಬಾಣ ತಪ್ಪಾ ಸರ್?" ಎಂದೆ. ಅವರು ಚಾಕ್ ಕೆಳಗಿಟ್ಟು ಕಥೆ ಹೇಳಿದರು. ಎಲೆಕ್ಟ್ರಾನ್ ಪತ್ತೆಯಾದದ್ದು 1897ರಲ್ಲಿ. ಅದಕ್ಕೂ ನೂರೈವತ್ತು ವರ್ಷ ಮುಂಚೆಯೇ ಅಮೆರಿಕದ ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಪ್ಲಸ್, ಮೈನಸ್ ಎಂದು ಹೆಸರಿಟ್ಟಾಗಿತ್ತು. ಕರೆಂಟ್ ಪ್ಲಸ್ ಕಡೆಯಿಂದ ಮೈನಸ್ ಕಡೆಗೆ ಎಂದಾಯಿತು; ಆಮೇಲೆ ನೋಡಿದರೆ ಎಲೆಕ್ಟ್ರಾನ್ ಮೈನಸ್. ಲೋಕವೆಲ್ಲ ರೂಢಿ ಮಾಡಿಕೊಂಡ ಮೇಲೆ ಬದಲಿಸುವವರು ಯಾರು? ಪರೀಕ್ಷೆಗೆ ಏನೇನು ಓದಿದೆನೋ ನೆನಪಿಲ್ಲ, ಈ ಕಥೆ ಮಾತ್ರ ಹಾಗೇ ಇದೆ.

ಒಂದು ತುಂಟಾಟ ಹೇಳಲೇಬೇಕು. ಲ್ಯಾಬ್‌ನಲ್ಲಿ ಎಲ್‌ಇಡಿ ಹೊತ್ತಿಸುವ ಸರ್ಕ್ಯೂಟ್ ಇತ್ತು. ಬಿ.ಸಿ. 547 ಎಂಬ ಟ್ರಾನ್ಸಿಸ್ಟರ್, 9 ವೋಲ್ಟ್ ಬ್ಯಾಟರಿ, ಕರೆಂಟಿಗೆ ತಡೆ ಒಡ್ಡುವ ಎರಡು ರೆಸಿಸ್ಟರ್, ಅಷ್ಟೇ. ಸರ್ ಬೋರ್ಡ್ ಮೇಲೆ ಬರೆದು ಹೊರಗೆ ಹೋದಾಗ, ಟ್ರಾನ್ಸಿಸ್ಟರಿನ ಬೇಸ್ ಎಂಬ ಕಾಲಿನ ತಂತಿ ಇನ್ನೊಂದನ್ನು ಅಡ್ಡ ಹಾಯುವ ಕಡೆಯಿದ್ದ ಚುಕ್ಕಿಯನ್ನು ನಾನು ಬೆರಳಿನಿಂದ ಒರೆಸಿಬಿಟ್ಟೆ. ಸರ್ ಬಂದವರೇ ಬೋರ್ಡ್ ನೋಡಿದರು, ನನ್ನ ಬೆರಳೂ ನೋಡಿದರು. ಏನೂ ಅನ್ನಲಿಲ್ಲ. "ಬೋರ್ಡ್ ಮೇಲೆ ಇರೋ ಹಾಗೇ ಜೋಡಿಸು" ಎಂದರು. ಜೋಡಿಸಿದೆ. ಎಲ್‌ಇಡಿ ಹೊತ್ತಲಿಲ್ಲ. ಆಗ ಚಾಕ್ ನನ್ನ ಕೈಗಿತ್ತರು. "ರಂಗೋಲಿಯಲ್ಲಿ ಚುಕ್ಕಿ ಮೊದಲು, ಗೆರೆ ಆಮೇಲೆ. ಇಲ್ಲಿ ಗೆರೆ ಮೊದಲು, ಚುಕ್ಕಿ ಆಮೇಲೆ. ಚುಕ್ಕಿ ಇದ್ದರೆ ಕೂಡಿತು, ಇಲ್ಲದಿದ್ದರೆ ಸುಮ್ನೆ ದಾಟಿ ಹೋಯಿತು." ಚುಕ್ಕಿ ಇಟ್ಟೆ, ತಂತಿ ಸೇರಿಸಿದೆ, ಕೆಂಪು ದೀಪ ಹೊತ್ತಿತು.

ಮರುದಿನದಿಂದ ಅವರು ನಾಲ್ಕು ತಂತಿಗಳನ್ನು ಒಂದೇ ಕಡೆ ಕೂಡಿಸಿ ಬರೆಯಲೇ ಇಲ್ಲ. ಒಂದನ್ನು ಚೂರು ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದರು. ಆಗ ಗೆರೆ ದಾಟಿ ಹೋಗದೆ ಇನ್ನೊಂದಕ್ಕೆ ಬಂದು ನಿಲ್ಲುತ್ತದೆ, ಚುಕ್ಕಿ ಅಳಿಸಿಹೋದರೂ ಅರ್ಥ ಕೆಡುವುದಿಲ್ಲ.

ಈಗ ನನ್ನ ತಂಡದಲ್ಲಿ 14 ಇಂಜಿನಿಯರ್‌ಗಳಿದ್ದಾರೆ. ನನ್ನ ಡ್ರಾಯಿಂಗ್ ಓದಲು ಸುಲಭ ಎಂದು ಅವರೇ ಹೇಳುತ್ತಾರೆ. ನನಗೆ ಅದರ ಹೆಮ್ಮೆ ಇದೆ. ಆದರೆ ಹೊಸದಾಗಿ ಬರುವ ಮಕ್ಕಳನ್ನು ನೋಡಿದರೆ ಬೇಸರ. ಬುದ್ಧಿವಂತರೇ, ಕಂಪ್ಯೂಟರ್‌ನಲ್ಲಿ ಎಲ್ಲ ಮಾಡುತ್ತಾರೆ. ಕೈಯಲ್ಲಿ ಒಂದು ಸರ್ಕ್ಯೂಟ್ ಬರೆಸಿದವರೇ ಇಲ್ಲ. ರೆಸಿಸ್ಟರನ್ನು ಅಂಕುಡೊಂಕು ಗೆರೆಯ ಬದಲು ಉದ್ದ ಚೌಕದಲ್ಲಿ ತೋರಿಸಿದರೆ, "ಇದೇನು ಸರ್?" ಎಂದು ಕೇಳುತ್ತಾರೆ. ಎರಡೂ ಒಂದೇ ಎಂದು ಯಾರಾದರೂ ಹೇಳಬೇಕಿತ್ತಲ್ಲವೇ?

ಎರಡು ವರ್ಷದ ಹಿಂದೆ ಸರ್ ಮನೆಗೆ ಹೋಗಿದ್ದೆ. ನಾನು ಬರೆದ ಒಂದು ಡ್ರಾಯಿಂಗ್ ಕೊಟ್ಟೆ. ಕನ್ನಡಕ ಹಾಕಿಕೊಂಡು, ಬೆರಳಿಟ್ಟು, ಒಂದೊಂದೇ ತಂತಿ ಹಿಡಿದು ಕೊನೆಯವರೆಗೂ ನೋಡಿದರು. ಆಮೇಲೆ ತಲೆಯೆತ್ತಿ, "ಎಲ್ಲಾ ಪಕ್ಕಕ್ಕೆ ಸರಿಸಿದ್ದೀಯಲ್ಲೋ" ಎಂದರು.